ಕನ್ನಡಕ್ಕೆ ಒತ್ತಿದ ಮೇಲೆ ಕರೆ ಎಲ್ಲಿಗೆ ಹೋಗುತ್ತೆ?

ಸಹಾಯವಾಣಿಗಳಲ್ಲಿ ಕನ್ನಡದ ಆಯ್ಕೆ ಬೇಕು ಅಂತ ನಾವು ಕೇಳ್ತಾನೇ ಇದ್ದೀವಿ. ಅಷ್ಟು ಕೇಳಿದರೆ ಸಾಲದು. ನಂಬರ್ ಒತ್ತಿದ ಮೇಲೆ ಕರೆಯನ್ನು ದಾಟಿಸೋದು ಒಳಗಿರೋ ವಾಯ್ಸ್ ಗೇಟ್‌ವೇ. ಸಿಸ್ಕೋದ್ದನ್ನೇ ತಗೊಳ್ಳಿ: ಒಂದೇ ನಂಬರಿಗೆ ಹಲವು ಡಯಲ್-ಪಿಯರ್ ಬರೆಯಬಹುದು, ಪ್ರತಿಯೊಂದಕ್ಕೂ 0ರಿಂದ 10ರವರೆಗೆ ಪ್ರಿಫರೆನ್ಸ್. ಮೊದಲ ಸರದಿ 0ಗೆ. ಅಲ್ಲಿಗೆ ಕರೆ ತಲುಪದಿದ್ದರೆ 1ಕ್ಕೆ. ಏನೂ ಬರೆಯದಿದ್ದರೆ ಎಲ್ಲವೂ 0 ಅಂತಲೇ ಲೆಕ್ಕ, ಆಗ ಯಾರ ಪಾಲಿಗೆ ಬೀಳುತ್ತೋ ಹೇಳಕ್ಕಾಗಲ್ಲ. ಹುಡುಕಾಟ ಅಲ್ಲಿಗೇ ನಿಲ್ಲಲಿ ಅಂತ 'ಹಂಟ್‌ಸ್ಟಾಪ್' ಹಾಕಿದ್ದರೆ, ಅಲ್ಲಿಗೆ ತಲುಪದ ಕರೆ ಅಲ್ಲೇ ಸಾಯುತ್ತೆ. ಇನ್ನು ಎರಡನೇ ಜಾಗದಲ್ಲಿ ಕನ್ನಡ ಬಾರದವರು ಕೂತಿದ್ದರೆ ಕಾಸರಗೋಡಿನ ನಮ್ಮ ಅಜ್ಜಿ ಮತ್ತೆ ಮಲಯಾಳದಲ್ಲೇ ತಡವರಿಸಬೇಕು. ಅದಕ್ಕೇ ಮನವಿಯಲ್ಲಿ ಇದನ್ನೂ ಸೇರಿಸಿ: ಕನ್ನಡದ ಕರೆ ಹೋಗೋ ಎರಡನೇ, ಮೂರನೇ ಜಾಗದಲ್ಲೂ ಕನ್ನಡ ಬಲ್ಲವರೇ ಇರಬೇಕು.