ನಮ್ಮೂರಿಗೆ ಅರ್ಥಶಾಸ್ತ್ರಜ್ಞರೂ ಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



‘ಎಸ್ಸೆಸ್ಸೆಲ್ಸಿ ನಂತರ ಮುಂದೇನು?’ ಎಂಬ ವಿಷಯದ ಮೇಲೆ ಮಾತನಾಡಲು ಸಂಘಟಕರು ಹೇಳಿದ್ದಾರೆ. ನಾನು ಬಿಇ ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಇವನು ಇಂಜಿನಿಯರಿಂಗ್ ಬಗ್ಗೆ ಹೇಳಲು ಬಂದಿದ್ದಾನೆ ಎಂದು ನೀವು ತಿಳಿದಿರಬಹುದು. ಅದನ್ನು ಹೇಳುವವರು ಈಗ ಪ್ರತಿ ಓಣಿಯಲ್ಲೂ ಇದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಭಾಗದಲ್ಲಿ ಮಕ್ಕಳ ಕಿವಿಗೆ ಅಷ್ಟಾಗಿ ಬೀಳದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಅದು ಆರೋಗ್ಯದ ಮತ್ತು ದುಡಿಮೆಯ ಅರ್ಥಶಾಸ್ತ್ರ.

ಅದು ನನಗೆ ಪರಿಚಯವಾದದ್ದು ಕೆಲಸದ ಮೂಲಕ. ದವಾಖಾನೆಗಳ ಬಿಲ್ಲು ಮತ್ತು ವಿಮೆಯ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದು ನನ್ನ ಉದ್ಯೋಗ. ಕಂಪ್ಯೂಟರು ಲಕ್ಷಗಟ್ಟಲೆ ಸಾಲುಗಳನ್ನು ಕ್ಷಣದಲ್ಲಿ ಕೂಡಿಸುತ್ತದೆ. ಆದರೆ ಏನನ್ನು ಎಣಿಸಬೇಕು, ಯಾರನ್ನು ಯಾರ ಜೊತೆ ಹೋಲಿಸಬೇಕು ಎಂಬುದನ್ನು ಮನುಷ್ಯನೇ ಹೇಳಿಕೊಡಬೇಕು. ಅದನ್ನೇ ಜೀವನದ ಕೆಲಸ ಮಾಡಿಕೊಂಡ ಪ್ರಾಧ್ಯಾಪಕರಿದ್ದಾರೆ, ಸಂಶೋಧಕರಿದ್ದಾರೆ.

ಆರೋಗ್ಯಕ್ಕೂ ದುಡಿಮೆಗೂ ಏನು ಸಂಬಂಧ ಎಂದು ಕೇಳಿದರೆ ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ನಾನು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕಾಕಾನಿಗೆ ಹೃದಯದ ಆಪರೇಷನ್ ಆಯಿತು. ದುಡ್ಡಿಗಾಗಿ ಎರಡು ಎಕರೆ ಹೊಲ ಮಾರಿದರು. ಕಾಕಾ ಉಳಿದರು. ಆದರೆ ನನ್ನ ಓರಗೆಯ ಅವರ ಮಗ ಮರುವರ್ಷ ಶಾಲೆಗೆ ಬರಲಿಲ್ಲ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಲೆಕ್ಕದಲ್ಲಿ ಅವನು ನನಗಿಂತ ಚುರುಕಿದ್ದ. ದವಾಖಾನೆಯ ಬಿಲ್ಲಿನಲ್ಲಿ ಹೊಲದ ಬೆಲೆ ಕಾಣುತ್ತದೆ. ಆ ಹುಡುಗನ ನಿಂತುಹೋದ ಓದು, ಮುಂದಿನ ಮೂವತ್ತು ವರ್ಷ ಅವನು ಗಳಿಸಬಹುದಾಗಿದ್ದ ಪಗಾರ, ಇವು ಕಾಣುವುದಿಲ್ಲ. ಕಾಣದ ಆ ಲೆಕ್ಕವನ್ನು ಬರೆಯುವುದೇ ಈ ಶಾಸ್ತ್ರದ ಕೆಲಸ.

ಅಮೆರಿಕದ ಮೈಕೆಲ್ ಗ್ರಾಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1972ರಲ್ಲಿ ಒಂದು ವಿಚಾರ ಮಂಡಿಸಿದರು: ಆರೋಗ್ಯವೂ ಒಂದು ಬಂಡವಾಳ. ರೈತನಿಗೆ ಇದು ಹೊಸದಲ್ಲ. ಎತ್ತಿಗೆ ಮೇವು, ನೀರು, ವಿಶ್ರಾಂತಿ ಕೊಡದಿದ್ದರೆ ಅದರ ಕಸುವು ಹೋಗುತ್ತದೆ, ಬಿತ್ತನೆ ತಪ್ಪುತ್ತದೆ. ಮನುಷ್ಯನ ದೇಹವೂ ವಯಸ್ಸಾದಂತೆ ಸವೆಯುತ್ತದೆ, ಆರೈಕೆ ಮಾಡಿದರೆ ಹೆಚ್ಚು ದಿನ ದುಡಿಯುತ್ತದೆ. ನಮ್ಮ ಹಿರಿಯರಿಗೆ ಅನುಭವದಿಂದ ಗೊತ್ತಿದ್ದದ್ದನ್ನು ಅವರು ಗಣಿತದಲ್ಲಿ ಬರೆದರು. ಗಣಿತದಲ್ಲಿ ಬರೆದದ್ದನ್ನು ಅಳೆಯಬಹುದು, ಪರೀಕ್ಷಿಸಬಹುದು.

ಅಂಥ ಒಂದು ಪರೀಕ್ಷೆ ನಮ್ಮ ರಾಜ್ಯದಲ್ಲೇ ನಡೆದಿದೆ. ಬಿಪಿಎಲ್ ಕಾರ್ಡಿನವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ರೋಗಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಆಮೇಲೆ ನಮ್ಮ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳಿಗೆ ಅದು ತಲುಪಿದ್ದು 2012ರಲ್ಲಿ. ನಡುವಿನ ಎರಡು ವರ್ಷ ರಾಜ್ಯದ ಮಧ್ಯೆ ಒಂದು ಗೆರೆ ಬಿದ್ದಂತಾಯಿತು. ಹಾವೇರಿ ಬೆಳಗಾವಿ ವಿಭಾಗದಲ್ಲಿದೆ, ಪಕ್ಕದ ದಾವಣಗೆರೆ ಬೆಂಗಳೂರು ವಿಭಾಗದಲ್ಲಿದೆ. ಇಂಥ ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಮಳೆ, ಬೆಳೆ, ಬಡತನ ಹೆಚ್ಚುಕಡಿಮೆ ಒಂದೇ. ಯೋಜನೆ ಮಾತ್ರ ಒಂದು ಬದಿಗಿತ್ತು, ಇನ್ನೊಂದು ಬದಿಗಿರಲಿಲ್ಲ.

ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತು ಅವರ ಸಂಗಡಿಗರು ಈ ಗೆರೆಯನ್ನು ಗಮನಿಸಿದರು. ಯೋಜನೆ ಬಂದಿದ್ದ 300 ಹಳ್ಳಿಗಳನ್ನೂ ಬರದಿದ್ದ 272 ನೆರೆಯ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಗೆ ಸಂಬಂಧಿಸಿದ ರೋಗಗಳಿಂದ ಆದ ಸಾವಿನ ಪ್ರಮಾಣ, ಯೋಜನೆ ಇದ್ದ ಬದಿಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಬದಿಯಲ್ಲಿ ಶೇ. 0.90. ಅಂದರೆ ಸಾವಿರಕ್ಕೆ ಮೂರು ಎಲ್ಲಿ, ಒಂಬತ್ತು ಎಲ್ಲಿ! ಇದು ಯೋಜನೆಯಿಂದಲೇ ಆಯಿತೆಂದು ಹೇಗೆ ನಂಬುವುದು? ಅದಕ್ಕೆ ಅವರು ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳನ್ನೂ ನೋಡಿದರು. ಅಲ್ಲಿ ಒಂದು ಬದಿ 0.56, ಇನ್ನೊಂದು ಬದಿ 0.55. ವ್ಯತ್ಯಾಸವೇ ಇಲ್ಲ. ಒಂದೇ ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ನಿಜ. ಆದರೆ ‘ಸರಕಾರ ದುಡ್ಡು ಸುರಿದದ್ದು ವ್ಯರ್ಥ’ ಎಂದು ಕಟ್ಟೆಯ ಮೇಲೆ ಕುಳಿತು ವಾದಿಸುವುದಕ್ಕೂ, ‘ಎಲ್ಲಾ ಚೊಲೋ ಆಗೇತಿ’ ಎಂದು ಭಾಷಣ ಮಾಡುವುದಕ್ಕೂ, ಹೀಗೆ ಹಳ್ಳಿ ಹಳ್ಳಿ ಎಣಿಸಿ ಹೇಳುವುದಕ್ಕೂ ಅಂತರವಿದೆ.

ಇನ್ನು ದುಡಿಮೆ. ಸಮೀಕ್ಷೆಯವರು ಮನೆಗೆ ಬಂದು ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ನಮ್ಮ ತಾಯಂದಿರು ಏನು ಹೇಳುತ್ತಾರೆ? ‘ಏನೂ ಇಲ್ರೀ, ಮನಿಯಾಗ ಇರ್ತೀನಿ.’ ಬೆಳಿಗ್ಗೆ ಎಮ್ಮೆ ಹಿಂಡಿ ಡೇರಿಗೆ ಹಾಲು ಕಳಿಸಿದವಳೂ ಹಾಗೇ ಹೇಳುತ್ತಾಳೆ. ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲಿ ಗಂಡ ನೇಯಲು ಕುಳಿತಾಗ ಕಂಡಿಕೆ ಸುತ್ತಿಕೊಡುವವಳೂ ಹಾಗೇ ಹೇಳುತ್ತಾಳೆ. ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ದುಡಿಯುವವರನ್ನೂ ಕೆಲಸಗಾರರೆಂದೇ ಬರೆಯಬೇಕೆಂಬ ನಿಯಮವಿದೆ. ಆದರೆ ಇನ್ನೊಂದು ಪ್ರಶ್ನೆ ಕೇಳದಿದ್ದರೆ ಅವಳ ದುಡಿಮೆ ಕಾಗದದಲ್ಲಿ ಬರುವುದಿಲ್ಲ.

ದೇಶದಲ್ಲಿ ಹದಿನೈದು ವರ್ಷ ದಾಟಿದ ಮಹಿಳೆಯರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವ ಪ್ರಮಾಣ 2017-18ರಲ್ಲಿ ಶೇ. 23.3 ಇತ್ತು, 2023-24ರಲ್ಲಿ ಶೇ. 41.7 ಆಯಿತು. ಇದು ಅವಕಾಶ ಹೆಚ್ಚಿದ್ದರಿಂದಲೋ, ಕಷ್ಟ ಹೆಚ್ಚಿದ್ದರಿಂದಲೋ, ಎಣಿಕೆ ಸುಧಾರಿಸಿದ್ದರಿಂದಲೋ ಎಂಬ ಚರ್ಚೆ ಇನ್ನೂ ನಡೆದಿದೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ತಿಳಿಯಿತು. ಅಮೆರಿಕದ ಇನ್ನೂರು ವರ್ಷಗಳ ದಾಖಲೆ ಹುಡುಕಿ ಹೆಣ್ಣುಮಕ್ಕಳ ದುಡಿಮೆಯ ಚರಿತ್ರೆ ಬರೆದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮಲಪ್ರಭೆಯ ದಂಡೆಯ ಹೆಣ್ಣುಮಕ್ಕಳ ಹತ್ತಿ ಬಿಡಿಸುವ ಕೂಲಿ, ಬೆನ್ನುನೋವು, ರಕ್ತಹೀನತೆ ಇವುಗಳ ಚರಿತ್ರೆಯನ್ನು ಬರೆಯಲು ಈ ಹೊಲಗಳನ್ನು ಕಂಡವರಿಗಿಂತ ಅನುಕೂಲ ಯಾರಿಗಿದೆ?

ಈ ಓದಿಗೆ ಬಹಳ ದೂರ ಹೋಗಬೇಕೆಂದೇನಿಲ್ಲ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ ಡಿ.ಎಂ. ನಂಜುಂಡಪ್ಪ ಅವರ ಸಮಿತಿಯೇ 2002ರಲ್ಲಿ 35 ಸೂಚಕಗಳಿಂದ ಅಳೆದು 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಶಿಕ್ಷಣ ಮತ್ತು ಆರೋಗ್ಯದ ಅರ್ಥಶಾಸ್ತ್ರದಲ್ಲಿ ಕೆಲಸ ಮಾಡಿದ ಪಿ.ಆರ್. ಪಂಚಮುಖಿ ಅವರು ಸಿಎಂಡಿಆರ್ ಸಂಶೋಧನಾ ಕೇಂದ್ರವನ್ನು ಕಟ್ಟಿದ್ದೂ ಧಾರವಾಡದಲ್ಲೇ. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಬಹುದು.

ದಾರಿ ಹೀಗಿದೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ತೆಗೆದುಕೊಳ್ಳಿ, ಜೊತೆಗೆ ಸಂಖ್ಯಾಶಾಸ್ತ್ರ ಅಥವಾ ಗಣಿತ ಬಿಡಬೇಡಿ. ಗಣಿತಕ್ಕೆ ಹೆದರಿ ಆರ್ಟ್ಸ್‌ಗೆ ಹೋಗುವವರಿಗೆ ಈ ದಾರಿ ಮುಂದೆ ಏರು ಆಗುತ್ತದೆ. ಡಿಗ್ರಿ, ಎಂಎ, ಆಮೇಲೆ ಎನ್‌ಇಟಿ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್ ಸಿಕ್ಕರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ ಫೆಲೋಶಿಪ್ ಬರುತ್ತದೆ. 2023ರಲ್ಲಿ ಅದನ್ನು 37,000 ರೂಪಾಯಿಗೆ ಏರಿಸಿದರು. ಪ್ರಾಧ್ಯಾಪಕರಾಗುವುದು ಬೇಡವೆಂದರೆ ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ ಇದೆ. ಇಂಜಿನಿಯರಿಗೆ ಇಪ್ಪತ್ತೆರಡಕ್ಕೆ ಪಗಾರ ಶುರುವಾದರೆ ಇವರಿಗೆ ನೆಲೆ ಸಿಗುವಷ್ಟರಲ್ಲಿ ಮೂವತ್ತು ಸಮೀಪಿಸುತ್ತದೆ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ.

ಆದ್ದರಿಂದ ಪಾಲಕರಲ್ಲಿ ಒಂದು ವಿನಂತಿ. ಮಗಳು ‘ಅಪ್ಪಾ, ನಾ ಅರ್ಥಶಾಸ್ತ್ರ ಓದ್ತೀನಿ’ ಎಂದರೆ, ‘ಅದರಿಂದ ಏನ್ ನೌಕರಿ ಸಿಗತೈತಿ’ ಎಂದು ಮೊದಲ ಮಾತಿಗೇ ತಡೆಯಬೇಡಿ. ಅವಳಿಗೆ ಎಂಟು ವರ್ಷ ಕೊಡಿ. ಗುರುಗಳಲ್ಲೂ ಒಂದು ವಿನಂತಿ: ಈ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಂದ ಒಂದೇ ಓಣಿಯ ಸಮೀಕ್ಷೆ ಮಾಡಿಸಿ. ಕಳೆದ ವರ್ಷ ಮನೆಯಲ್ಲಿ ಯಾರಿಗೆ ಕಾಯಿಲೆಯಾಯಿತು, ಎಷ್ಟು ಖರ್ಚಾಯಿತು, ಆ ದಿನಗಳಲ್ಲಿ ಯಾರ ಕೂಲಿ ತಪ್ಪಿತು, ಯಾರ ಶಾಲೆ ತಪ್ಪಿತು, ಈ ನಾಲ್ಕೇ ಪ್ರಶ್ನೆ ಸಾಕು. ಮನೆಯವರ ಹೆಸರು ಬರೆಯುವುದು ಬೇಡ. ಮಕ್ಕಳು ತಂದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಕೋಷ್ಟಕ ಮಾಡುವುದನ್ನು ರಜೆಯಲ್ಲಿ ಬಂದು ನಾನು ಕಲಿಸಿಕೊಡುತ್ತೇನೆ. ಮುಂದಿನ ಐವತ್ತು ವರ್ಷದ ಸಂಚಿಕೆಯಲ್ಲಿ ಆ ಮಕ್ಕಳಲ್ಲೊಬ್ಬರು ಪ್ರಾಧ್ಯಾಪಕರಾಗಿ ಬರೆಯಲಿ ಎಂದು ಹಾರೈಸುತ್ತೇನೆ.