ಬಾಳಿಕೆಯ ಟಯರು

ಬೈಸಿಕಲ್ಲನ್ನು ಕೊಳ್ಳಲು ಹೋದವರು ಅದರ ಬಣ್ಣವನ್ನು ನೋಡುತ್ತಾರೆ, ಗಂಟೆಯನ್ನು ಬಾರಿಸಿ ನೋಡುತ್ತಾರೆ, ಈಚೆಗೆ ಗೇರುಗಳನ್ನು ಎಣಿಸುವುದೂ ಉಂಟು. ಟಯರಿಗೆ ಮಾತ್ರ, ಹೆಬ್ಬೆರಳಿನಿಂದ ಒಂದು ಸಲ ಒತ್ತಿ ನೋಡುವುದಕ್ಕಿಂತ ಹೆಚ್ಚಿನ ವಿಚಾರಣೆ ದೊರೆಯುವುದಿಲ್ಲ. ಆದರೆ ಇಡೀ ವಾಹನದಲ್ಲಿ ನೆಲವನ್ನು ಮುಟ್ಟುವುದು ಅದೊಂದೇ. ಅದೂ ಎರಡು ಗಾಲಿಗಳೂ ಸೇರಿ ಒಂದು ಅಂಗೈಯಗಲಕ್ಕಿಂತ ಕಡಿಮೆ ಜಾಗದಲ್ಲಿ. ಸವಾರನ ಭಾರ, ಅವನ ಹೊತ್ತು, ಕೆಲವು ವೇಳೆ ಅವನ ಪ್ರಾಣ, ಎಲ್ಲವೂ ನಿಂತಿರುವುದು ಆ ಅಂಗೈಯಗಲದ ಮೇಲೆ.

ನಮ್ಮ ಶ್ರೋತೃಗಳಲ್ಲಿ ಕೆಲವರು ಕಚೇರಿಗೋ ಕಾಲೇಜಿಗೋ ಬೈಸಿಕಲ್ಲಿನಲ್ಲಿ ಹೋಗಿಬರುವವರು. ಇನ್ನು ಕೆಲವರು ರಕ್ತದಲ್ಲಿ ಸಕ್ಕರೆಯೋ ನಡುವಿನ ಸುತ್ತಳತೆಯೋ ಏರಿತೆಂದು, ವೈದ್ಯರ ಮಾತಿಗೆ ಕಟ್ಟುಬಿದ್ದು, ಬೆಳಗಿನ ಹೊತ್ತು ತುಳಿಯಲು ಹೊರಡುವವರು. ಮೊದಲನೆಯವರಿಗೆ ಗಟ್ಟಿಯಾದ ಟಯರು, ಎರಡನೆಯವರಿಗೆ ತೆಳುವಾದ, ವೇಗವಾಗಿ ಓಡುವ ಟಯರು ಎಂದು ವಿಂಗಡಿಸುವ ವಾಡಿಕೆಯೊಂದು ಬೆಳೆದಿದೆ. ಈ ವಿಂಗಡಣೆ ನಮಗೆ ಸರಿಯೆಂದು ತೋರುವುದಿಲ್ಲ. ಏಕೆಂಬುದನ್ನು ಹೇಳುವ ಮೊದಲು ಶ್ರೋತೃಗಳನ್ನು ಪಟ್ಟಣದ ನುಣುಪಾದ ರಸ್ತೆಯಿಂದ ಸ್ವಲ್ಪ ದೂರ ಕರೆದೊಯ್ಯಬೇಕಾಗಿದೆ. ಟಯರಿನ ಯೋಗ್ಯತೆ ಗೊತ್ತಾಗುವುದು ಅಲ್ಲಿ.

೧೯೯೭ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ, ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದ ಕುಪ್ಪೇಲೂರು ಎಂಬ ಊರಿದೆ. ಆ ಸೀಮೆಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಹೊಲದ ಬದುವಿನಲ್ಲಿ ಜಾಲಿ, ಬೀಳುಭೂಮಿಯಲ್ಲಿ ಬಳ್ಳಾರಿ ಜಾಲಿ. ಬೇಲಿಗೆಂದು ಕಡಿದ ಮುಳ್ಳನ್ನು ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೇರಿಕೊಂಡು ಹೋದರೆ ದಾರಿಯುದ್ದಕ್ಕೂ ನಾಲ್ಕು ಮುಳ್ಳು ಉದುರದೆ ಇರುವುದಿಲ್ಲ. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ಗೋವಿನಜೋಳ ಒಣಗುತ್ತಿರುತ್ತದೆ, ಹುರುಳಿಯ ಬಳ್ಳಿ ಹಾಸಿರುತ್ತದೆ, ಅದರಡಿಯಲ್ಲಿ ಏನಿದೆಯೆಂದು ಸವಾರನಿಗೆ ಕಾಣದು. ಇವೆಲ್ಲಕ್ಕಿಂತ ಕುಟಿಲವಾದದ್ದು ನೆಗ್ಗಿಲು. ನೆಲಕ್ಕೆ ಅಂಟಿ ಹಳದಿ ಹೂ ಬಿಡುವ ಈ ಸಾಧು ಬಳ್ಳಿಯ ಕಾಯಿ ಒಣಗಿ ಒಡೆದಾಗ, ಅದರ ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಮಳೆಗಾಲ ಬಂದರೆ ಎರೆಮಣ್ಣು ಟಯರಿಗೆ ಮೆತ್ತಿ, ಮಡ್ಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ಹಿಡಿದು ನಿಲ್ಲಿಸುವುದುಂಟು.

ಇಂಥ ದಾರಿಯಲ್ಲಿ ಬೈಸಿಕಲ್ಲು ವಿನೋದದ ವಸ್ತುವಲ್ಲ. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಪ್ರಾರಂಭಿಸಿದಾಗ, ಪ್ರೌಢಶಾಲೆಯಿಲ್ಲದ ಊರುಗಳ ಹೆಣ್ಣುಮಕ್ಕಳು ಬೇರೆ ಊರಿಗೆ ಹೋಗಿ ಓದಬಹುದೆಂಬ ಆಸೆಯೂ ಅದರ ಹಿಂದೆ ಇತ್ತು. ಹದಿಮೂರು ವರ್ಷದ ಹುಡುಗಿಯೊಬ್ಬಳು ಸಂಜೆ ಮರಳುವಾಗ, ಎರಡೂ ಊರುಗಳಿಗೆ ನಡುವೆ, ಗಾಳಿ ಹೋದ ಗಾಲಿಯೊಡನೆ ನಿಂತಳೆನ್ನಿ. ಕೈಯಲ್ಲಿ ಬೈಸಿಕಲ್ಲು ನೂಕಿಕೊಂಡು ಅವಳು ಮನೆ ಸೇರುವಾಗ ದೀಪ ಹತ್ತಿರುತ್ತದೆ. ಹೀಗೆ ತಿಂಗಳಿಗೆ ಮೂರು ಸಲವಾದರೆ ಮನೆಯ ಹಿರಿಯರು ಟಯರಿನ ಮಾತನ್ನು ಆಡುವುದಿಲ್ಲ. ಶಾಲೆಯ ಮಾತನ್ನು ಆಡುತ್ತಾರೆ. ಆದ್ದರಿಂದ ಟಯರಿನ ಬಾಳಿಕೆಯೆಂಬುದು ಹಣದ ಉಳಿತಾಯದ ವಿಷಯ ಮಾತ್ರವೆಂದು ಯಾರೂ ಭಾವಿಸಬಾರದು.

ಹಾಗಾದರೆ ಬಾಳಿಕೆ ಎಲ್ಲಿದೆ? ರಬ್ಬರು ದಪ್ಪವಾಗಿರುವುದರಲ್ಲಿ ಎಂದು ಸಾಮಾನ್ಯವಾದ ನಂಬಿಕೆ. ೧೮೪೫ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿಯ ಗಾಲಿಗೆ ಹಕ್ಕುಪತ್ರ ಪಡೆದರೂ ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಎರಡನೆಯ ಸಲ ಕಂಡುಹಿಡಿದನೆನ್ನಬಹುದು. ಮಗನ ಮೂರು ಗಾಲಿಯ ಬಂಡಿ ಕಲ್ಲುಹಾಸಿನ ಮೇಲೆ ಕುಲುಕದಿರಲೆಂಬುದೇ ಅವನ ಉದ್ದೇಶ. ಅಂದಿನಿಂದ ಇಂದಿನವರೆಗೂ ತತ್ತ್ವವೊಂದೇ: ಭಾರವನ್ನು ಹೊರುವುದು ಗಾಳಿ, ಗಾಳಿಯನ್ನು ಬಿಗಿಹಿಡಿಯುವುದು ಟಯರಿನೊಳಗಿನ ನೂಲಿನ ಹಾಸು, ಹೊರಗಿನ ರಬ್ಬರು ಆ ಹಾಸಿಗೆ ಕವಚ. ಕವಚಕ್ಕೆ ಕಪ್ಪು ಬಣ್ಣ ಕೊಡುವ ಕಾಡಿಗೆಯಂಥ ಇಂಗಾಲವನ್ನು ಸೇರಿಸುವುದು ಅಂದಕ್ಕಲ್ಲ, ಸವೆತವನ್ನು ತಡೆಯುವುದಕ್ಕೆ. ಮುಳ್ಳನ್ನು ತಡೆಯಬೇಕಾದರೆ ಕವಚಕ್ಕೂ ಹಾಸಿಗೂ ನಡುವೆ ಇನ್ನೊಂದು ಪದರ ಬೇಕು: ಒತ್ತಾಗಿ ನೇಯ್ದ ಗಟ್ಟಿ ಎಳೆಗಳದ್ದಾಗಲಿ, ಮೆತುವಾದ ರಬ್ಬರಿನದಾಗಲಿ. ಜರ್ಮನಿಯ ಶ್ವಾಲ್ಬೆಯವರ ಮ್ಯಾರಥಾನ್ ಪ್ಲಸ್ ಎಂಬ ಟಯರಿನಲ್ಲಿ ಈ ಪದರವೇ ೫ ಮಿಲಿಮೀಟರ್ ದಪ್ಪವಿದೆ. ನೆಗ್ಗಿಲು ಅದನ್ನು ದಾಟಲಾರದು. ಅಂಗುಲದುದ್ದದ ಜಾಲಿಯ ಮುಳ್ಳು ನೆಟ್ಟಗೆ ಹೊಕ್ಕರೆ ದಾಟಬಹುದು. ಯಾವ ಟಯರಿಗೂ ಪಂಚರಾಗುವುದಿಲ್ಲವೆಂದು ಹೇಳುವ ಮಾರಾಟಗಾರನನ್ನು ಒಂದು ದಿನ ಕುಪ್ಪೇಲೂರಿನ ದಾರಿಗೆ ಕಳುಹಿಸಬೇಕು. ಬೆಲೆಯ ದೆಸೆಯಿಂದ ಅಂಥ ಟಯರು ಎಟುಕದವರು ಸಾಧಾರಣ ಟಯರಿನೊಳಗೆ ರಕ್ಷಣೆಯ ಪಟ್ಟಿಯೊಂದನ್ನು ಹಾಸಿಕೊಳ್ಳಬಹುದು. ಹಳೆಯ ಟ್ಯೂಬನ್ನು ಸೀಳಿ ಹಾಸುವುದು ಅದರ ಬಡ ತಮ್ಮ, ಕೆಲಸ ಮಾಡುತ್ತದೆ.

ಈ ಟಯರುಗಳು ಭಾರ. ಪಂದ್ಯದ ತೆಳು ಟಯರಿನ ಮೂರು ಪಾಲು ತೂಗುತ್ತವೆ, ತುಳಿಯುವವನಿಗೆ ಕೊಂಚ ಜಡವಾಗಿ ತೋರುತ್ತವೆ. ವ್ಯಾಯಾಮಕ್ಕೆ ಹೊರಟವರು ಇವನ್ನು ಬೇಡವೆನ್ನುವುದು ಈ ಕಾರಣದಿಂದಲೇ. ಇಲ್ಲಿಯೇ ನಮ್ಮ ತಕರಾರು. ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಪರಿಶ್ರಮ ಮಾಡಬೇಕೆಂದು ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಲೆಕ್ಕವಿರುವುದು ನಿಮಿಷಗಳಲ್ಲಿ, ಮೈಲಿಗಳಲ್ಲಲ್ಲ. ಹೃದಯಕ್ಕೆ ಬೇಕಾದದ್ದು ಶ್ರಮ. ಅದೇ ಅರ್ಧ ಗಂಟೆಯಲ್ಲಿ ಒಂದು ಫರ್ಲಾಂಗು ಹಿಂದೆ ಬಿದ್ದರೆ ಅದಕ್ಕೆ ಯಾವ ನಷ್ಟವೂ ಇಲ್ಲ. ಶ್ರಮವನ್ನು ಅರಸಿಕೊಂಡು ಹೋಗುವವನು ಶ್ರಮವನ್ನು ಕಡಿಮೆ ಮಾಡುವ ಟಯರಿಗೆ ಹೆಚ್ಚು ಹಣ ಕೊಡುವುದು ತಮಾಷೆಯಾಗಿದೆ. ನಿಜವಾದ ಅಪಾಯ ಬೇರೆ ಇದೆ. ಐವತ್ತು ದಾಟಿದವರೊಬ್ಬರು ಹೊಸ ಉತ್ಸಾಹದಿಂದ ತುಳಿಯಲು ತೊಡಗಿ, ಮೊದಲ ವಾರದಲ್ಲಿ ಎರಡು ಸಲ ಗಾಜಿನ ಚೂರಿನಿಂದಲೋ, ಲಾರಿಯ ಟಯರಿನಿಂದ ಉದುರಿದ ಉಕ್ಕಿನ ಎಳೆಯಿಂದಲೋ ಪಂಚರಾಗಿ, ನಡೆದು ಮನೆಗೆ ಬಂದರೆ, ಮೂರನೆಯ ವಾರ ಬೈಸಿಕಲ್ಲು ಮೆಟ್ಟಿಲ ಕೆಳಗೆ ನಿಲ್ಲುತ್ತದೆ. ದೂರದ ಸವಾರಿಯ ಕೂಟಗಳಲ್ಲಿ ಓಡುವವರಿಗೆ ತೆಳು ಟಯರು ಇರಲಿ. ಅದು ಬೇರೆ ವಿದ್ಯೆ.

ಅಗಲದ ವಿಷಯದಲ್ಲಿ ೩೫ರಿಂದ ೪೦ ಮಿಲಿಮೀಟರ್ ನಮ್ಮ ರಸ್ತೆಗಳಿಗೆ ಒಪ್ಪುತ್ತದೆ. ಇನ್ನೂ ಅಗಲವಾದುದನ್ನು ಹಾಕುವವರು ಮಡ್ಗಾರ್ಡಿನ ಸಂದನ್ನು ನೋಡಬೇಕು. ಎರೆಮಣ್ಣಿಗೆ ಜಾಗ ಬಿಡದ ಗಾಲಿ ಮಳೆಗಾಲದಲ್ಲಿ ತಿರುಗದು. ಗುಬುಟುಗುಬುಟಾದ ಮೈಯ ಟಯರು ಕೆಸರಿಗೆ ಸರಿ, ಡಾಂಬರಿನ ಮೇಲೆ ಸದ್ದು ಮಾಡಿ ಬೇಗ ಸವೆಯುತ್ತದೆ. ನುಣುಪು ಟಯರು ಒದ್ದೆ ಡಾಂಬರಿನ ಮೇಲೆ ಜಾರುವುದೆಂಬ ಭಯಕ್ಕೆ ಆಧಾರ ಸಾಲದು: ನೀರಿನ ಮೇಲೆ ತೇಲುವಷ್ಟು ವೇಗ ಬೈಸಿಕಲ್ಲಿಗೆ ಇಲ್ಲ.

ಅಳತೆಯಲ್ಲಿ ಅಂಗುಲವನ್ನು ನಂಬಬೇಡಿ. ೨೮ ಅಂಗುಲವೆಂದು ಕರೆಯುವ ನಮ್ಮ ಹಳೆಯ ಕರಿಯ ಬೈಸಿಕಲ್ಲಿನ ರಿಮ್ಮು ೬೩೫ ಮಿಲಿಮೀಟರಿನದು. ಅದೇ ೨೮ರ ಹೆಸರಿನಲ್ಲಿ ಬರುವ ಹೊಸ ಮಾದರಿಯದು ೬೨೨. ಒಂದರ ಟಯರು ಇನ್ನೊಂದಕ್ಕೆ ಕೂಡುವುದಿಲ್ಲ. ಟಯರಿನ ಪಕ್ಕದಲ್ಲಿ ೪೦-೬೩೫ ಎಂಬಂತೆ ಅಚ್ಚಾಗಿರುವ ಜೋಡಿ ಅಂಕೆಯನ್ನು ಬರೆದುಕೊಂಡು ಅಂಗಡಿಗೆ ಹೋದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಟಯರುಗಳು ಸವಾರಿಯಿಂದ ಸಾಯುವುದಕ್ಕಿಂತ ಗಾಳಿಯಿಲ್ಲದೆ ಸಾಯುವುದು ಹೆಚ್ಚು. ಗಾಳಿ ಕಡಿಮೆಯಾದರೆ ಪಕ್ಕಗಳು ಮಡಿಸಿ ನೂಲು ಕಡಿಯುತ್ತದೆ; ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಸಾಧಾರಣ ಮೈಕಟ್ಟಿನವರಿಗೆ ೪೦ ಮಿಲಿಮೀಟರಿನ ಟಯರಿನಲ್ಲಿ ಚದರ ಅಂಗುಲಕ್ಕೆ ೪೫ರಿಂದ ೫೫ ಪೌಂಡು ಸಾಕು, ಪಕ್ಕದಲ್ಲಿ ಅಚ್ಚಾದ ಮಿತಿಯನ್ನು ಮೀರಬಾರದು. ವಾರಕ್ಕೊಮ್ಮೆ ಪಂಪು ಹಿಡಿಯಲು ಬೇಸರಪಡುವವರು ದುಬಾರಿ ಟಯರನ್ನು ಕೊಳ್ಳದಿರುವುದು ಲೇಸು. ಬಿಸಿಲೂ ರಬ್ಬರಿನ ಶತ್ರು. ವೈಶಾಖದ ಬಿಸಿಲಿನಲ್ಲಿ ದಿನವಿಡೀ ನಿಂತ ಬೈಸಿಕಲ್ಲಿನ ಟಯರಿನ ಪಕ್ಕಗಳು ಬಿರುಕು ಬಿಡುತ್ತವೆ.

ಪಂಚರು ಹಾಕಿದ ಮರುದಿನವೇ ಅದೇ ಜಾಗದಲ್ಲಿ ಮತ್ತೆ ಗಾಳಿ ಹೋದರೆ ಪ್ಯಾಚನ್ನು ದೂರುವುದು ವಾಡಿಕೆ. ಬಹುಮಟ್ಟಿಗೆ ತಪ್ಪು ಪ್ಯಾಚಿನದಲ್ಲ; ಮುರಿದ ಮುಳ್ಳಿನ ತುದಿ ಟಯರಿನಲ್ಲಿಯೇ ಉಳಿದಿರುತ್ತದೆ. "ಮುಳ್ಳು ತೆಗೆದೀರೇನ್ರಿ?" ಎಂದು ಅನುಭವಸ್ಥನಾದ ಪಂಚರಿನವನು ಮೊದಲು ಕೇಳುವುದು ಅದಕ್ಕೇ. ಬೆರಳಿಗೆ ಸಿಕ್ಕದ ಮುಳ್ಳು ಅರಳೆಗೆ ಸಿಕ್ಕುತ್ತದೆ: ಒಂದು ಚೂರು ಅರಳೆಯನ್ನು ಟಯರಿನ ಒಳಮೈಯಲ್ಲಿ ಸುತ್ತ ಎಳೆದರೆ, ಮುಳ್ಳಿರುವ ಕಡೆ ಎಳೆ ತೊಡರಿಕೊಂಡು ನಿಲ್ಲುತ್ತದೆ. ಹತ್ತಿ ಬೆಳೆಯುವ ಆ ಸೀಮೆಯಲ್ಲಿ ಈ ಸಲಕರಣೆಗೆ ಕೊರತೆಯಿಲ್ಲ.

ಹಿಂದಿನ ಗಾಲಿ ಹೆಚ್ಚು ಭಾರ ಹೊತ್ತು, ತುಳಿತದ ಬಲವನ್ನೂ ತಾಳಿ, ಬೇಗ ಸವೆಯುತ್ತದೆ. ಆಗ ಹೊಸ ಟಯರನ್ನು ಹಿಂದಕ್ಕೆ ಹಾಕುವುದು ರೂಢಿ. ಹಾಗೆ ಮಾಡದೆ, ಮುಂದಿನದನ್ನು ಹಿಂದಕ್ಕೆ ಸರಿಸಿ ಹೊಸದನ್ನು ಮುಂದಕ್ಕೆ ಹಾಕಬೇಕು. ಓಡುವಾಗ ಹಿಂದಿನ ಟಯರು ಒಡೆದರೆ ಸವಾರನು ತಡವರಿಸಿ ನಿಲ್ಲಬಹುದು. ಮುಂದಿನದು ಒಡೆದರೆ ಹಿಡಿಯೇ ಕೈಮೀರುತ್ತದೆ. ಸವೆದ ರಬ್ಬರಿನಡಿಯಲ್ಲಿ ನೂಲು ಇಣುಕಿದ ಟಯರನ್ನು ಮಾತ್ರ ಹಿಂದಕ್ಕೂ ಹಾಕಬಾರದು.