ಹೇಳಿ ಬರೆಸಿದ ಕಾದಂಬರಿಗಳು

ಎಡ್ಗರ್ ವಾಲೇಸನೆಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿಕಾರನ ಹೆಸರನ್ನು ಇಂದಿನ ಶ್ರೋತೃಗಳಲ್ಲಿ ಎಷ್ಟು ಮಂದಿ ಕೇಳಿರುವರೋ ಅರಿಯೆ. ಕನ್ನಡ ಎಂ.ಎ. ತರಗತಿಯಲ್ಲಿದ್ದಾಗ ನಾನು ಹಗಲು ಪಂಪನನ್ನೂ ರಾತ್ರಿ ವಾಲೇಸನನ್ನೂ ಓದುತ್ತಿದ್ದೆ. ಬಾಡಿಗೆ ಪುಸ್ತಕದಂಗಡಿಯಿಂದ ತಂದ, ರಟ್ಟು ಕಳಚಿದ ಆ ಪುಸ್ತಕಗಳನ್ನು ನಿಘಂಟಿನ ಅಡಿಯಲ್ಲಿ ಅಡಗಿಸಿಡುವುದು ವಾಡಿಕೆಯಾಗಿತ್ತು. ಮುಂದೆ ಅಧ್ಯಾಪಕನಾದ ಮೇಲೆ, ಇಂಥವನ್ನು ಓದಿ ಕಾಲ ಕಳೆಯಬೇಡಿರೆಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಿದವನೂ ನಾನೇ. ಆ ಮಾತಿನಲ್ಲಿ ಸತ್ಯವೆಷ್ಟು, ಸೋಗೆಷ್ಟು ಎಂಬುದನ್ನು ನಿವೃತ್ತನಾದ ಮೇಲಾದರೂ ನೋಡಿಕೊಳ್ಳಬೇಕಲ್ಲವೆ?

ವಾಲೇಸ್ ಹುಟ್ಟಿದ್ದು 1875ರಲ್ಲಿ, ಲಂಡನ್ನಿನ ಗ್ರೀನಿಚ್‌ನಲ್ಲಿ. ತಾಯಿ ವಿಧವೆಯಾದ ನಾಟಕದ ನಟಿ. ಮಗುವನ್ನು ಸಾಕಿದವನು ಬಿಲಿಂಗ್ಸ್‌ಗೇಟ್ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಒಬ್ಬ ಕೂಲಿಗಾರ. ಹುಡುಗ ಹನ್ನೆರಡರ ಸುಮಾರಿಗೆ ಶಾಲೆ ಬಿಟ್ಟ. ಬೀದಿಯಲ್ಲಿ ಪತ್ರಿಕೆ ಮಾರಿದ. ಸೈನ್ಯ ಸೇರಿ ದಕ್ಷಿಣ ಆಫ್ರಿಕಕ್ಕೆ ಹೋದ. ಅಲ್ಲಿಯೇ ಪತ್ರಿಕೆಗಳ ವರದಿಗಾರನಾದ. 1902ರಲ್ಲಿ ಬೋಯರ್ ಯುದ್ಧದ ಸಂಧಾನ ನಡೆಯುತ್ತಿದ್ದ ಪಾಳೆಯದೊಳಕ್ಕೆ ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಕಾವಲಿನ ಸೈನಿಕನೊಬ್ಬನನ್ನು ವಾಲೇಸ್ ಗೊತ್ತುಮಾಡಿಕೊಂಡ. ತಾನು ರೈಲಿನಲ್ಲಿ ಹಾದುಹೋಗುವಾಗ ಅವನು ಯಾವ ಬಣ್ಣದ ಕರವಸ್ತ್ರದಿಂದ ಮೂಗು ಒರೆಸಿಕೊಂಡನೆಂಬುದನ್ನು ನೋಡಿ ಸಂಧಾನದ ಗತಿಯನ್ನು ತಿಳಿದುಕೊಂಡ! ಒಪ್ಪಂದದ ಸುದ್ದಿ ಅವನ ಪತ್ರಿಕೆಯಲ್ಲಿ ಎಲ್ಲರಿಗಿಂತ ಮೊದಲು ಬಂತು. ಕಾದಂಬರಿಯಲ್ಲಿ ಬಂದಿದ್ದರೆ ನಾವು ನಂಬುತ್ತಿರಲಿಲ್ಲ.

ಅವನ ಮೊದಲ ಪತ್ತೇದಾರಿ ಕಾದಂಬರಿ ‘ದ ಫೋರ್ ಜಸ್ಟ್ ಮೆನ್’ 1905ರಲ್ಲಿ ಹೊರಬಂತು. ಪ್ರಕಾಶಕನೂ ಅವನೇ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಹೊರಗೆ ಪೋಲೀಸರ ಕಾವಲಿರುವಾಗ, ಮಂತ್ರಿಯೊಬ್ಬ ಸಾಯುತ್ತಾನೆ. ಸತ್ತದ್ದು ಹೇಗೆಂಬುದನ್ನು ಪುಸ್ತಕ ಹೇಳುವುದಿಲ್ಲ. ಸರಿಯುತ್ತರ ಕೊಟ್ಟವರಿಗೆ ಒಟ್ಟು 500 ಪೌಂಡ್ ಬಹುಮಾನವೆಂದು ವಾಲೇಸ್ ಸಾರಿದ. ಆದರೆ ಒಂದೊಂದು ಬಹುಮಾನ ಒಬ್ಬರಿಗೆ ಮಾತ್ರವೆಂದು ಷರತ್ತು ಹಾಕುವುದನ್ನು ಈ ಮಹಾರಾಯ ಮರೆತ. ಸರಿಯುತ್ತರಗಳು ಒಂದರ ಮೇಲೊಂದು ಬಂದವು. ಪುಸ್ತಕ ಖರ್ಚಾದಷ್ಟೂ ಸಾಲ ಬೆಳೆಯಿತು. ಪತ್ರಿಕೆಯ ಒಡೆಯ ಹಾರ್ಮ್ಸ್‌ವರ್ತ್ ಸಾಲ ಕೊಟ್ಟು ಪಾರುಮಾಡಬೇಕಾಯಿತು. ಓದುಗರ ಕುತೂಹಲವನ್ನು ಅಷ್ಟು ಬಲ್ಲವನಿಗೆ ಕೂಡುವ ಕಳೆಯುವ ಲೆಕ್ಕ ಕೊನೆಯವರೆಗೂ ಬರಲಿಲ್ಲ. ಬಂದ ಹಣವೆಲ್ಲ ಕುದುರೆಜೂಜಿಗೂ ದರ್ಬಾರಿನಂಥ ಮನೆವಾರ್ತೆಗೂ ಹೋಗುತ್ತಿತ್ತು. ಸಾಲ ಅವನನ್ನು ಬರೆಯಿಸಿತು. ಬರವಣಿಗೆ ಮತ್ತೆ ಸಾಲ ಮಾಡುವ ಧೈರ್ಯ ಕೊಟ್ಟಿತು.

ಬರೆಯಿಸಿತು ಎಂದೆನಷ್ಟೆ. ಅವನ ಕೃತಿಗಳಲ್ಲಿ ಬಹುಪಾಲು ಕೈಯಿಂದ ಬರೆದವಲ್ಲ, ಬಾಯಿಂದ ಹೇಳಿದವು. ಬದಿಯಲ್ಲಿ ಸಕ್ಕರೆ ಸುರಿದ ಚಹಾ, ಬೆರಳ ನಡುವೆ ಉದ್ದನೆಯ ಕೊಳವೆಗೆ ಸಿಕ್ಕಿಸಿದ ಸಿಗರೇಟು. ಮೇಣದ ಉರುಳೆಯ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ಕಥೆ ಹೇಳುತ್ತ ಹೋಗುವನು. ಕಾರ್ಯದರ್ಶಿ ರಾಬರ್ಟ್ ಕರ್ಟಿಸ್ ಅದನ್ನು ಕೇಳಿ ಬೆರಳಚ್ಚಿಸುವನು. ಶಿಕಾಗೋ ನಗರವನ್ನು ನೋಡಿ ಬಂದು ರಚಿಸಿದ, ಅವನ ನಾಟಕಗಳಲ್ಲಿಯೇ ಮೇಲಾದುದೆನ್ನುವ ‘ಆನ್ ದ ಸ್ಪಾಟ್’ ನಾಲ್ಕು ದಿನಗಳಲ್ಲಿ ಮುಗಿಯಿತೆಂದು ಹೇಳುತ್ತಾರೆ. ಲೆಕ್ಕ ಹಾಕಿದವರ ಪ್ರಕಾರ ಕಾದಂಬರಿಗಳೇ 170ಕ್ಕೆ ಮೀರಿವೆ; ಸಣ್ಣ ಕಥೆಗಳು 900ಕ್ಕೂ ಹೆಚ್ಚು. ಬೆಳಗಿನ ಪತ್ರಿಕೆ, ಸಂಜೆಯ ಪತ್ರಿಕೆ ಇರುವಂತೆ ಮಧ್ಯಾಹ್ನದ ವಾಲೇಸ್ ಬಂತೆ ಎಂದು ಆ ಕಾಲದ ಹಾಸ್ಯಚಿತ್ರವೊಂದು ಕುಚೋದ್ಯ ಮಾಡಿತ್ತು.

ಹೇಳಿ ಬರೆಸುವುದು ನಮಗೆ ಹೊಸದಲ್ಲ. ವ್ಯಾಸರು ಹೇಳಿದರು, ಗಣಪತಿ ಬರೆದ. ನಡುವೆ ನಿಲ್ಲಿಸಕೂಡದೆಂಬುದು ಗಣಪತಿಯ ಷರತ್ತು. ಅರ್ಥವಾಗದೆ ಬರೆಯಕೂಡದೆಂಬುದು ವ್ಯಾಸರ ಷರತ್ತು. ನಡುನಡುವೆ ಗಂಟಿನಂಥ ಶ್ಲೋಕವೊಂದನ್ನು ಎಸೆದು, ಗಣಪತಿ ತಲೆ ಕೆರೆದುಕೊಳ್ಳುತ್ತಿರುವಷ್ಟರಲ್ಲಿ ವ್ಯಾಸರು ಮುಂದಿನದನ್ನು ಚಿಂತಿಸಿಕೊಳ್ಳುತ್ತಿದ್ದರಂತೆ. ವಾಲೇಸನಿಗೆ ದೊರಕದೆ ಹೋದದ್ದು ಈ ಬಿಡುವು. ಕರ್ಟಿಸನ ಬೆರಳುಗಳಿಗೆ ಅರ್ಥವಾಗದ ಗಂಟು ಯಾವುದೂ ಇರಲಿಲ್ಲ. ಹೊರಗೆ ಸಾಲಗಾರರು ಕಾದಿದ್ದರು.

ಆದ್ದರಿಂದ ಅವನಲ್ಲಿ ಮಾತಿನ ಗುಣಗಳೆಲ್ಲ ಇವೆ: ಓಟ, ತಟ್ಟನೆ ತಿರುಗುವ ತಿರುವು, ಲಂಡನ್ನಿನ ಬಡವರ ನಾಲಗೆಯ ಚುರುಕು. ಮಾತಿನ ದೋಷಗಳೂ ಇವೆ. ಹಿಂದೆ ಹೇಳಿದ್ದು ಮುಂದೆ ಮರೆತಿರುತ್ತದೆ. ನಾಯಕಿಯರನ್ನು ಹೆಸರಿನಿಂದಲ್ಲದೆ ಬೇರೆ ಮಾಡಲಾಗದು. ಆಫ್ರಿಕದ ಬಿಳಿಯ ಅಧಿಕಾರಿ ಸ್ಯಾಂಡರ್ಸನ ಕಥೆಗಳನ್ನಂತೂ, ಆಳಿಸಿಕೊಂಡ ನಾಡಿನವನಾದ ನಾನು ಈಗ ಓದಲಾರೆ. ಆ ಜನರನ್ನು ದಂಡಿಸಬೇಕಾದ ಮಕ್ಕಳಂತೆ ಕಾಣುವ ದೃಷ್ಟಿಯನ್ನು ಅವಸರದ ಲೆಕ್ಕಕ್ಕೆ ಬರೆದು ಕ್ಷಮಿಸಲು ಬಾರದು.

ಆದರೆ ಜೆ.ಜಿ. ರೀಡರ್ ಇದ್ದಾನೆ. ಕೈಯಲ್ಲಿ ಮಡಿಚಿದ ಕೊಡೆ, ಮೂಗಿನ ಮೇಲೆ ಕನ್ನಡಕ, ಕ್ಷಮೆ ಕೇಳುವಂಥ ಮಾತು. ಪರರ ಕೇಡನ್ನು ಪತ್ತೆಹಚ್ಚುವ ತನ್ನ ಶಕ್ತಿ ತನ್ನೊಳಗಿನ ಕೇಡಿನ ಬುದ್ಧಿಯಿಂದಲೇ ಬಂದದ್ದೆಂದು ಈ ಸಾಧು ಗುಮಾಸ್ತ ಸಂಕೋಚದಿಂದ ಒಪ್ಪಿಕೊಳ್ಳುತ್ತಾನೆ. ಈ ಒಂದು ಪಾತ್ರವನ್ನು ಕಂಡವನಿಗೆ ಪ್ರತಿಭೆಯಿರಲಿಲ್ಲವೆಂದು ತರಗತಿಯಲ್ಲಿ ಹೇಳಿದ್ದು ನನ್ನ ತಪ್ಪು. ಪ್ರತಿಭೆಯಿತ್ತು, ತಾನು ಹೇಳಿದ್ದನ್ನು ತಾನೇ ಮತ್ತೊಮ್ಮೆ ಓದುವ ವ್ಯವಧಾನವಿರಲಿಲ್ಲ. ಇವೆರಡರ ಭೇದವನ್ನು ನಾನು ವಿದ್ಯಾರ್ಥಿಗಳಿಗೆ ತಿಳಿಸಬೇಕಾಗಿತ್ತು.

1931ರಲ್ಲಿ ಬ್ಲ್ಯಾಕ್‌ಪೂಲ್‌ನಿಂದ ಪಾರ್ಲಿಮೆಂಟಿಗೆ ನಿಂತು ಸೋತ. ಅದೇ ವರ್ಷದ ಕೊನೆಗೆ ಹಾಲಿವುಡ್ಡಿಗೆ ಹೋಗಿ ‘ಕಿಂಗ್ ಕಾಂಗ್’ ಚಿತ್ರಕಥೆಯ ಮೊದಲ ಕರಡನ್ನು ಸಿದ್ಧಪಡಿಸಿದ. ಚಿತ್ರವನ್ನು ನೋಡಲು ಉಳಿಯಲಿಲ್ಲ. 1932ರ ಫೆಬ್ರವರಿ 10ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡ. ದೇಹ ಹಡಗಿನಲ್ಲಿ ಊರಿಗೆ ಬಂತು. ಬಿಟ್ಟುಹೋದ ಸಾಲ ಲಕ್ಷ ಪೌಂಡುಗಳನ್ನು ಮೀರಿತ್ತು. ಪುಸ್ತಕಗಳ ಗೌರವಧನವೇ ಕೆಲವು ವರ್ಷಗಳಲ್ಲಿ ಅದನ್ನು ತೀರಿಸಿತು. 1959ರಿಂದ 1972ರವರೆಗೆ ಜರ್ಮನರು ಅವನ ಕಥೆಗಳನ್ನು ಆಧರಿಸಿ 30ಕ್ಕೂ ಹೆಚ್ಚು ಚಲನಚಿತ್ರಗಳನ್ನು ತೆಗೆದರು.

ಕರ್ಟಿಸನ ವಿಷಯ ಒಂದು ಉಳಿಯಿತು. ಒಡೆಯ ಹೋದ ಮೇಲೆ ಅವನು ವಾಲೇಸನ ಕೆಲವು ನಾಟಕಗಳನ್ನು ಕಾದಂಬರಿಗಳಾಗಿ ಬರೆದ. ವರ್ಷಗಟ್ಟಲೆ ಕಿವಿಯಲ್ಲಿ ತುಂಬಿಕೊಂಡಿದ್ದ ಆ ಧ್ವನಿ ಹೇಳುವುದನ್ನು ನಿಲ್ಲಿಸಿದ್ದರೂ, ಬೆರಳಚ್ಚಿನ ಯಂತ್ರ ಇನ್ನೂ ಸ್ವಲ್ಪ ಕಾಲ ನಡೆಯಿತು.